ಕಾಂಕ್ರೀಟಿನಲ್ಲಿ ತೇಲುವ ಕೊಳವೆ

ರಾಜರಾಜೇಶ್ವರಿನಗರದಲ್ಲಿ ನಿಮ್ಮ ಮನೆಯಿದ್ದರೆ, ರಸ್ತೆಯ ಬದಿಯನ್ನು ಉದ್ದಕ್ಕೆ ಅಗೆದು ಕೊಳವೆಗಳನ್ನು ಇಳಿಸುವುದನ್ನು ನೋಡಿರುತ್ತೀರಿ. "ನಿನ್ನೆ ಟಾರು ಹಾಕಿದರು, ಇವತ್ತು ಅಗೆದರು" ಎಂದು ಹಿರಿಯರು ಗೊಣಗುವುದನ್ನೂ ಕೇಳಿರುತ್ತೀರಿ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಬೆಸ್ಕಾಂ ಕಂಬದ ಮೇಲಿನ ತಂತಿಗಳ ಬದಲು ನೆಲದಡಿಯ ಕೇಬಲ್‌ಗಳನ್ನು ಹಾಕಿದೆ. ಮಳೆಗಾಲದಲ್ಲಿ ಮರದ ಕೊಂಬೆ ಮುರಿದು ಬಿದ್ದರೂ ಇವು ತುಂಡಾಗುವುದಿಲ್ಲ.

ಕೇಬಲ್ ಹೂಳುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಕೆಲವೆಡೆ ಮರಳಿನ ಹಾಸಿನ ಮೇಲೆ ಮಲಗಿಸಿ, ಮೇಲೆ ಇಟ್ಟಿಗೆ ಮುಚ್ಚುತ್ತಾರೆ. ಸೇಂಟ್ ಮಾರ್ಕ್ಸ್ ರಸ್ತೆಯಂಥ 'ಟೆಂಡರ್ ಶ್ಯೂರ್' ರಸ್ತೆಗಳಲ್ಲಿ ಫುಟ್‌ಪಾತಿನ ಕೆಳಗೆ ಮೊದಲೇ ಕೊಳವೆಗಳನ್ನು ಹೂತಿಟ್ಟಿದ್ದಾರೆ. ಕೇಬಲ್ ಕೆಟ್ಟರೆ ಚೇಂಬರಿನಿಂದ ಹೊರಗೆಳೆದು ಹೊಸದನ್ನು ತೂರಿಸಬಹುದು, ರಸ್ತೆ ಅಗೆಯಬೇಕಿಲ್ಲ. ಹಲವು ಕೊಳವೆಗಳನ್ನು ಸಾಲು ಸಾಲಾಗಿ ಜೋಡಿಸಿ ಸುತ್ತ ಕಾಂಕ್ರೀಟು ಸುರಿದರೆ ಅದಕ್ಕೆ 'ಡಕ್ಟ್ ಬ್ಯಾಂಕ್' ಎನ್ನುತ್ತಾರೆ.

ಕೊಳವೆಗಳನ್ನು ಒಂದಕ್ಕೊಂದು ಒತ್ತಿ ಜೋಡಿಸಿದರೆ ಅಗೆಯುವ ಕೆಲಸ ಕಡಿಮೆಯಾಗುತ್ತದಲ್ಲವೇ? ಆದರೂ ನಡುವೆ ಎರಡು ಮೂರು ಬೆರಳಿನಷ್ಟು ಅಂತರ ಬಿಡುತ್ತಾರೆ. ಏಕೆ?

ಚಳಿಗಾಲದ ರಾತ್ರಿ ಮೂವರು ಒಂದೇ ಕಂಬಳಿ ಹೊದ್ದು ಮಲಗಿ ನೋಡಿ. ನಡುವೆ ಮಲಗಿದವರಿಗೇ ಮೊದಲು ಸೆಕೆಯಾಗುತ್ತದೆ! ವಿದ್ಯುತ್ ಹರಿಯುವಾಗ ಕೇಬಲ್ ಬಿಸಿಯಾಗುತ್ತದೆ. ಕಂಬದ ಮೇಲಿನ ತಂತಿಯನ್ನು ಗಾಳಿ ತಣಿಸುತ್ತದೆ, ನೆಲದೊಳಗೆ ಗಾಳಿ ಎಲ್ಲಿ ಬಂತು? ಇಂದು ಹೆಚ್ಚಾಗಿ ಬಳಸುವ ಕೇಬಲ್‌ಗಳ ಪ್ಲಾಸ್ಟಿಕ್ ಹೊದಿಕೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಸತತವಾಗಿ ತಾಳಬಲ್ಲದು. ಅದನ್ನು ಮೀರಿದರೆ ಹೊದಿಕೆ ಬೇಗ ಹಾಳಾಗುತ್ತದೆ. ಅಂತರವಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ ಕಡಿಮೆ ತಾಗುತ್ತದೆ. ಕಾಂಕ್ರೀಟಿನಲ್ಲಿರುವ ಜಲ್ಲಿ ಕೊಳವೆಗಳ ನಡುವೆ ಇಳಿಯಲೂ ಜಾಗ ಬೇಕು. ಇಲ್ಲದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ. ಪೊಳ್ಳಿನಲ್ಲಿರುವ ಗಾಳಿ ಬಿಸಿಯನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ.

ಅಂತರ ಕಾಯಲು ಸುಮಾರು 2 ಮೀಟರಿಗೊಂದರಂತೆ ಬಾಚಣಿಗೆಯಂಥ ಪ್ಲಾಸ್ಟಿಕ್ ಆಧಾರಗಳನ್ನು ಇಡುತ್ತಾರೆ. ಇವೇ ಸ್ಪೇಸರ್‌ಗಳು. ಇವು ದೂರ ದೂರವಾದರೆ ಕೊಳವೆ ನಡುವೆ ಜೋತುಬೀಳುತ್ತದೆ.

ಆದರೆ ಕೆಲಸಗಾರರಿಗೆ ಜೋತುಬೀಳುವುದಕ್ಕಿಂತ ದೊಡ್ಡ ಚಿಂತೆ ಕೊಳವೆ ಮೇಲೇಳುವುದು. ಮುಚ್ಚಳ ಬಿಗಿದ ಖಾಲಿ ಬಾಟಲಿಯನ್ನು ಬಕೆಟ್ಟಿನ ನೀರಿನೊಳಗೆ ಅದುಮಿ ನೋಡಿ. ನಿಮ್ಮ ಕೈಯನ್ನೇ ಮೇಲಕ್ಕೆ ತಳ್ಳುತ್ತದೆ. ಆರ್ಕಿಮಿಡೀಸ್ ಕಂಡುಕೊಂಡ ನಿಯಮ ಇದೇ. ಹಸಿ ಕಾಂಕ್ರೀಟೂ ದ್ರವದಂತೆಯೇ ವರ್ತಿಸುತ್ತದೆ. ಒಂದು ಲೀಟರ್ ಕಾಂಕ್ರೀಟಿನ ತೂಕ ಸುಮಾರು 2.4 ಕಿಲೋಗ್ರಾಂ. 110 ಮಿಲಿಮೀಟರ್ ಅಗಲದ ಕೊಳವೆ ಒಂದು ಮೀಟರ್ ಉದ್ದಕ್ಕೆ ಸುಮಾರು ಒಂಬತ್ತೂವರೆ ಲೀಟರ್ ಜಾಗ ಹಿಡಿಯುತ್ತದೆ. ಗುಣಿಸಿ ನೋಡಿ. ಕೊಳವೆಯ ತೂಕ ಕಳೆದರೂ ಮೀಟರಿಗೆ ಸುಮಾರು 20 ಕಿಲೋಗ್ರಾಂ ತೂಕದಷ್ಟು ಬಲ ಮೇಲಕ್ಕೆ ತಳ್ಳುತ್ತದೆ! ಆರು ಮೀಟರ್ ಕೊಳವೆಯನ್ನು ಹಿಡಿದಿಡಲು ನಿಮ್ಮ ತರಗತಿಯ ನಾಲ್ವರು ಅದರ ಮೇಲೆ ಕೂರಬೇಕಾದೀತು.

ಅದಕ್ಕಾಗಿ ನೆಲಕ್ಕೆ ಗೂಟ ಹೊಡೆದು ಕೊಳವೆಗಳನ್ನೂ ಸ್ಪೇಸರ್‌ಗಳನ್ನೂ ಬಿಗಿಯಾಗಿ ಕಟ್ಟುತ್ತಾರೆ. ಕಾಂಕ್ರೀಟನ್ನು ಒಂದೇ ಸಲ ಸುರಿಯದೆ ಪದರ ಪದರವಾಗಿ ತುಂಬುತ್ತಾರೆ.

ಎಲ್ಲ ಗಟ್ಟಿಯಾದ ಮೇಲೆ, ಕೊಳವೆಗಿಂತ ತುಸು ಸಣ್ಣದಾದ ಗುಂಡನೆಯ ತುಂಡೊಂದಕ್ಕೆ ಹಗ್ಗ ಕಟ್ಟಿ ಒಂದು ಚೇಂಬರಿನಿಂದ ಇನ್ನೊಂದಕ್ಕೆ ಎಳೆಯುತ್ತಾರೆ. ಅದು ಸರಾಗವಾಗಿ ಹೊರಬಂದರೆ ಕೇಬಲ್ಲಿಗೂ ದಾರಿ ಸಲೀಸು. ನಡುವೆ ಸಿಕ್ಕಿಕೊಂಡರೆ ಕೊಳವೆ ಅಲ್ಲೆಲ್ಲೋ ಬಾಗಿದೆ ಅಥವಾ ಒಡೆದಿದೆ. ಆಗ ಗಟ್ಟಿ ಕಾಂಕ್ರೀಟನ್ನೇ ಒಡೆದು ನೋಡಬೇಕು.