ಆರ್‌ಟಿಇ ಸೀಟು: ಜನ ಹೇಳೋದೊಂದು, ನಿಯಮ ಇನ್ನೊಂದು

ದಾಖಲಾತಿ ಶುರುವಾಯಿತೆಂದರೆ ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲೂ ಒಂದೇ ಮಾತು: ‘ಬಡವರ ಮಕ್ಕಳಿಗೇನ್ರೀ, ಬೇಕಾದ ಶಾಲೆ ಆರಿಸ್ಕೊಂಡ್ರೆ ಫೀಸು ಸರ್ಕಾರಾನೇ ಕಟ್ಟುತ್ತೆ.’ ಈ ಮಾತಿಗೆ 2018ರ ತನಕ ಅರ್ಧ ಹುರುಳಿತ್ತು.

ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅಲ್ಪಸಂಖ್ಯಾತರದಲ್ಲದ ಅನುದಾನರಹಿತ ಶಾಲೆಗಳು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಶೇ. 25 ಸೀಟು ಬಿಡಬೇಕು. ಅರ್ಜಿ ಹೆಚ್ಚಿದ್ದರೆ ಲಾಟರಿ. ಅಂದರೆ ಆಗಲೂ ಪೋಷಕರು ಆದ್ಯತೆ ಬರೆಯುತ್ತಿದ್ದರು, ಶಾಲೆ ಸಿಗುತ್ತಿದ್ದುದು ಅದೃಷ್ಟವಿದ್ದರೆ. ಹಣವೂ ಅವರ ಕೈಗೆ ಬರುತ್ತಿರಲಿಲ್ಲ, ಶಾಲೆಗೆ ಹೋಗುತ್ತಿತ್ತು. ಅದಕ್ಕೂ ಮಿತಿ: ಒಂದನೇ ತರಗತಿಗೆ ವರ್ಷಕ್ಕೆ 16,000 ರೂಪಾಯಿ, ಎಲ್‌ಕೆಜಿಗೆ 8,000. ಎಂಟನೇ ತರಗತಿ ಮುಗಿದರೆ ಕಾಯ್ದೆಯ ನೆರಳೂ ಮುಗಿಯಿತು. ಒಂಬತ್ತನೆಯದರ ಫೀಸಿನ ಚೀಟಿ ಕೈಗೆ ಬಂದಾಗಲೇ ಎಷ್ಟೋ ತಾಯಂದಿರಿಗೆ ಇದು ಗೊತ್ತಾಗುವುದು.

ನಿಜವಾದ ಪೆಟ್ಟು ಬಿದ್ದದ್ದು 2019ರ ದಾಖಲಾತಿಗೆ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಈ ಸೀಟು ಕೊಡಬೇಕಿಲ್ಲ ಎಂದು ರಾಜ್ಯ ಸರ್ಕಾರ ನಿಯಮವನ್ನೇ ತಿದ್ದಿತು. ಹೈಕೋರ್ಟ್ 2019ರ ಮೇ 31ರಂದು ಅದನ್ನು ಎತ್ತಿಹಿಡಿಯಿತು. (ಮಹಾರಾಷ್ಟ್ರ ಇಂಥದೇ ತಿದ್ದುಪಡಿ ಮಾಡಿದಾಗ ಬಾಂಬೆ ಹೈಕೋರ್ಟ್ 2024ರಲ್ಲಿ ರದ್ದು ಮಾಡಿತು. ಕಾಯ್ದೆ ಒಂದೇ, ತೀರ್ಪು ಎರಡು!) ಹೊಸ ನಿಯಮದ ಬಿಸಿ ಹೆಚ್ಚು ತಟ್ಟಿದ್ದು ಹಳೇ ಬೆಂಗಳೂರಿಗೆ. ಚಾಮರಾಜಪೇಟೆ, ಮಲ್ಲೇಶ್ವರ, ಬಸವನಗುಡಿ ಮೂರೂ ನೂರು ವರ್ಷ ದಾಟಿದ ಬಡಾವಣೆಗಳು. ಕೋಟೆ ಹೈಸ್ಕೂಲು, ನ್ಯಾಷನಲ್ ಹೈಸ್ಕೂಲುಗಳ ಕಾಲದಿಂದಲೂ ಇಲ್ಲಿ ಶಾಲೆಗಳಿಗೆ ಬರವಿಲ್ಲ. ಹತ್ತಿರದಲ್ಲೇ ಸರ್ಕಾರಿ ಶಾಲೆ ಇರುವುದೇ ಇಲ್ಲಿ ಸೀಟು ತಪ್ಪುವುದಕ್ಕೆ ಕಾರಣವಾಯಿತು. ಸೈಬರ್ ಸೆಂಟರಿನಲ್ಲಿ ಆಧಾರ್, ಆದಾಯ ಪ್ರಮಾಣಪತ್ರ ಹಿಡಿದು ಕೂತು ವಾರ್ಡಿನ ಹೆಸರು ಒತ್ತಿದರೆ, ಮನೆ ಎದುರಿನ ಕಾನ್ವೆಂಟು ಪಟ್ಟಿಯಲ್ಲೇ ಇರುವುದಿಲ್ಲ.

‘ಆಯ್ಕೆ ಪೋಷಕರ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ?’ ಹೇಳಿದೆ, ಆದರೆ ಬೋಧನಾ ಮಾಧ್ಯಮದ ಬಗ್ಗೆ. 2014ರ ಮೇ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಹೇರುವಂತಿಲ್ಲ ಎಂದು ಕರ್ನಾಟಕಕ್ಕೆ ತಿಳಿಸಿತು. ಅದೇ ದಿನ ಅದೇ ಪೀಠ ಇನ್ನೊಂದು ತೀರ್ಪಿನಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನು ಆರ್‌ಟಿಇಯಿಂದ ಪೂರ್ತಿ ಹೊರಗಿಟ್ಟಿತು. ಇಂಗ್ಲಿಷ್ ಮಾಧ್ಯಮ ಆರಿಸಿಕೊಳ್ಳುವ ಸ್ವಾತಂತ್ರ್ಯವೇನೋ ಸಿಕ್ಕಿತು, ಅದರ ಫೀಸು ಕಟ್ಟುವ ಹೊಣೆಯನ್ನು ಕೋರ್ಟು ಯಾರ ಮೇಲೂ ಹಾಕಲಿಲ್ಲ.

ಇನ್ನು ‘ನಮ್ಮಂಥ ಮಧ್ಯಮ ವರ್ಗದವರಿಗೆ ಸರ್ಕಾರದಿಂದ ಚಿಕ್ಕಾಸೂ ಇಲ್ಲ’ ಎಂಬ ಗೊಣಗಾಟ. ಫೆಬ್ರವರಿಯಲ್ಲಿ ಶಾಲೆಯ ಆಫೀಸಿಗೆ ಹೋಗಿ ಟ್ಯೂಷನ್ ಫೀ ರಸೀದಿ ಕೇಳಿ ತರುವವರು ಇವರೇ! 80ಸಿ ಎಂದು ಎಲ್ಲರ ಬಾಯಲ್ಲಿರುವ ರಿಯಾಯಿತಿಯಲ್ಲಿ, 1.5 ಲಕ್ಷದ ಒಟ್ಟು ಮಿತಿಯೊಳಗೆ, ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ತೆರಿಗೆ ವಿನಾಯಿತಿ ಉಂಟು. ಶಾಲೆ ಯಾವುದೆಂದು ಕೇಳುವವರಿಲ್ಲ, ವಾರ್ಡಿನ ಗಡಿಯಿಲ್ಲ, ಲಾಟರಿಯೂ ಇಲ್ಲ. ಡೊನೇಷನ್ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗೆ ಇದೂ ಇಲ್ಲ.