ಚೊಚ್ಚಲ ಮಗುವಿನ ಗಾಡಿ

ಈಚೆಗೆ ನಾವು ನಾಮಕರಣವೊಂದಕ್ಕಾಗಿ ಶಿಡ್ಲಘಟ್ಟದ ಬಂಧುಗಳ ಮನೆಗೆ ಹೋಗಿದ್ದೆವು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ದೂರದ ಬೀದಿ. ನೂಲು ಬಿಚ್ಚಾಣಿಕೆಯ ಮನೆಗಳಿಂದ ಗೂಡು ಬೇಯುವ ವಾಸನೆ ತೇಲಿ ಬರುತ್ತಿತ್ತು. ನಡುಮನೆಯ ಮೂಲೆಯಲ್ಲಿ ಹೊಚ್ಚಹೊಸ ಮಗುವಿನ ಗಾಡಿಯೊಂದು ನಿಂತಿದ್ದಿತು. ಸೋದರಮಾವನು ಬೆಂಗಳೂರಿನಿಂದ ಇಪ್ಪತ್ತು ಸಾವಿರ ರೂಪಾಯಿ ತೆತ್ತು ತಂದ ಉಡುಗೊರೆ. ಆದರೆ ಅದರೊಳಗೆ ಮಗುವಿರಲಿಲ್ಲ; ಒಗೆದು ಮಡಿಸಿದ ಬಟ್ಟೆಯ ರಾಶಿಯಿದ್ದಿತು. ಮಗುವು ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ನೆಮ್ಮದಿಯಾಗಿ ಮಲಗಿದ್ದಿತು. ನಾವು ವಿಚಾರಿಸಿದಾಗ ಅಜ್ಜಿಯು, "ಗಾಡಿ ಚೆನ್ನಾಗಿದೆಯಪ್ಪ, ಹೊಸ್ತಿಲು ದಾಟಿಸೋದಕ್ಕೆ ಮಾತ್ರ ಇಬ್ಬರು ಆಳು ಬೇಕು" ಎಂದರು.

ಗಾಡಿಯಲ್ಲಿ ದೋಷವಿರಲಿಲ್ಲ, ಕೊಂಡವರಲ್ಲಿ ಪ್ರೀತಿಗೂ ಕೊರತೆಯಿರಲಿಲ್ಲ. ಅಂಗಡಿಯ ನುಣುಪಾದ ನೆಲದ ಮೇಲೆ ಒಂದೇ ಬೆರಳಿನಿಂದ ಓಡಿದ ಗಾಡಿಯು ಶಿಡ್ಲಘಟ್ಟದ ಬೀದಿಯಲ್ಲಿ ಹೇಗೆ ಓಡೀತೆಂಬ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳಲಿಲ್ಲವೆಂಬುದಷ್ಟೇ ತೊಡಕು. ಬಣ್ಣವಾವುದು, ಯಾವ ಕಂಪೆನಿಯದು ಎಂಬುವು ಆಮೇಲಿನ ಮಾತು. ಮಗುವಿಗೆ ಎಷ್ಟು ತಿಂಗಳು, ಗಾಡಿಯು ಯಾವ ದಾರಿಯಲ್ಲಿ ಹೋಗಬೇಕು, ಅದನ್ನು ಎತ್ತುವವರು ಯಾರು, ಇವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಗಾಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿಯುಂಟು. ಮಗುವನ್ನು ಮಟ್ಟಸವಾಗಿ ಮಲಗಿಸುವ ತೊಟ್ಟಿಲಿನಂತಹುದು ಪ್ರಾಮ್. ಕೂರಿಸಿ ತಳ್ಳುವಂತಹುದು ಸ್ಟ್ರಾಲರ್. ಇಂಗ್ಲೆಂಡಿನಲ್ಲಿ ವಿಲಿಯಂ ಕೆಂಟ್ ಎಂಬ ಶಿಲ್ಪಿಯು ೧೭೩೩ರಲ್ಲಿ ಡೆವನ್‌ಷೈರಿನ ಡ್ಯೂಕರ ಮಕ್ಕಳಿಗಾಗಿ ಚಿಪ್ಪಿನಾಕಾರದ ಗಾಡಿಯೊಂದನ್ನು ರಚಿಸಿದನು. ಅದನ್ನು ಎಳೆಯಬೇಕಾದುದು ಆಡು ಅಥವಾ ಸಣ್ಣ ಕುದುರೆ. ಬಹುಕಾಲ ಇದು ಸಿರಿವಂತರ ವಸ್ತುವಾಗಿಯೇ ಉಳಿಯಿತು. ವಿಮಾನದ ಚಕ್ರಗಳ ರಚನೆಯಲ್ಲಿ ಪಳಗಿದ್ದ ಓವನ್ ಮೆಕ್‌ಲಾರೆನ್ ಎಂಬ ಎಂಜಿನಿಯರನು ೧೯೬೫ರಲ್ಲಿ ಅಲ್ಯುಮಿನಿಯಂ ಕೊಳವೆಗಳಿಂದ, ಕೊಡೆಯಂತೆ ಮಡಿಸಬಹುದಾದ, ಮೂರು ಕಿಲೋಗ್ರಾಮಿಗೂ ಕಡಮೆ ತೂಕದ ಗಾಡಿಯನ್ನು ನಿರ್ಮಿಸಿದನು. ಇಂದು ನಮ್ಮ ಪೇಟೆಗಳಲ್ಲಿ ದೊರೆಯುವ ಹಗುರ ಗಾಡಿಗಳೆಲ್ಲ ಅದರ ಸಂತಾನವೆನ್ನಬಹುದು.

ಮಗುವಿನ ವಯಸ್ಸನ್ನು ಮೊದಲು ಹೇಳಿದುದಕ್ಕೆ ಬಲವಾದ ಕಾರಣವುಂಟು. ಹುಟ್ಟಿದ ಕೂಸಿನ ತಲೆಯು ಅದರ ಒಟ್ಟು ಉದ್ದದ ಸುಮಾರು ಕಾಲುಪಾಲಿನಷ್ಟಿರುತ್ತದೆ; ಆ ಭಾರವನ್ನು ತಾಳುವ ಶಕ್ತಿ ಕತ್ತಿಗೆ ಇನ್ನೂ ಬಂದಿರುವುದಿಲ್ಲ. ಇಂತಹ ಕೂಸನ್ನು ಅರ್ಧ ಕೂತ ಭಂಗಿಯಲ್ಲಿರಿಸಿದರೆ ಗದ್ದವು ಎದೆಗೆ ತಗಲುವಂತೆ ತಲೆ ಮುಂದಕ್ಕೆ ಬಾಗುತ್ತದೆ. ಎಳೆಯ ಶ್ವಾಸನಾಳವು ಕಿರಿದಾಗುತ್ತದೆ. ನೋಡುವವರಿಗೆ ಮಗು ಸುಖನಿದ್ರೆಯಲ್ಲಿದೆಯೆಂದೇ ತೋರುತ್ತದೆ. ಅಪಾಯವು ಸದ್ದಿಲ್ಲದೆ ಬರುವುದು ಇಲ್ಲಿಯೇ. ಆದುದರಿಂದ ಕತ್ತು ನಿಲ್ಲುವ ತನಕ, ಎಂದರೆ ಸಾಮಾನ್ಯವಾಗಿ ನಾಲ್ಕು ತಿಂಗಳಾಗುವವರೆಗೆ, ಬೆನ್ನು ಪೂರ್ತಿಯಾಗಿ ಮಟ್ಟಸವಾಗುವ ಗಾಡಿಯನ್ನಲ್ಲದೆ ಬೇರೊಂದನ್ನು ಉಪಯೋಗಿಸತಕ್ಕದ್ದಲ್ಲ. ಬೆನ್ನು ಮಟ್ಟಸವಾಗದ ಹಗುರ ಗಾಡಿಯು ಆರು ತಿಂಗಳು ತುಂಬಿದ, ತಾನಾಗಿ ಕೂರಬಲ್ಲ ಮಗುವಿಗೆ ಮಾತ್ರ ತಕ್ಕುದು. ಗಾಡಿಯಲ್ಲಿ ನಿದ್ರೆಹೋದ ಶಿಶುವನ್ನು ಮನೆಗೆ ಬಂದೊಡನೆ ಮಟ್ಟಸವಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು. "ಎಬ್ಬಿಸಿದರೆ ಅಳುತ್ತದೆ" ಎಂದು ಹಾಗೆಯೇ ಬಿಟ್ಟು ಒಳಗೆ ಹೋಗುವುದು ಸರಿಯಲ್ಲ.

ಈ ವಿಷಯದಲ್ಲಿ ನಮ್ಮ ಸೀಮೆಯ ಪದ್ಧತಿಯೊಂದು ತಾನಾಗಿಯೇ ಅನುಕೂಲಕ್ಕೆ ಬರುತ್ತದೆ. ಚೊಚ್ಚಲ ಹೆರಿಗೆಯು ತವರಿನಲ್ಲಿ ಆಗತಕ್ಕದ್ದು. ತಾಯಿಯೂ ಮಗುವೂ ಮೂರನೆಯ ತಿಂಗಳೋ ಐದನೆಯ ತಿಂಗಳೋ ಗಂಡನ ಮನೆಗೆ ಹೊರಡುವುದು ವಾಡಿಕೆ. ಶಿಡ್ಲಘಟ್ಟದ ಹೆಣ್ಣುಮಕ್ಕಳು ಅನೇಕರು ಬೆಂಗಳೂರಿನಲ್ಲಿ ಸಂಸಾರ ಹೂಡಿರುವರು. ಹೀಗಿರುವಲ್ಲಿ ಕೂಸಿನ ಮೊದಲ ತಿಂಗಳುಗಳು ಕಳೆಯುವ ಮನೆ ಒಂದು, ಗಾಡಿಯು ನಿಜವಾಗಿ ಓಡಬೇಕಾದ ಊರು ಇನ್ನೊಂದು. ಹುಟ್ಟದ ಮಗುವಿಗೆ ವಸ್ತುಗಳನ್ನು ತಂದಿಡಬಾರದೆಂದು ಹಿರಿಯರು ಹೇಳುವುದೂ ಉಂಟು. ಆ ನಂಬಿಕೆಯ ಗುಣದೋಷಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಗಾಡಿಯ ಮಟ್ಟಿಗೆ ಹೇಳುವುದಾದರೆ ಕಾಯುವವನು ಹಣವನ್ನು ಕಳೆದುಕೊಳ್ಳುವುದಿಲ್ಲ. ತವರಿನಲ್ಲಿ ಜೋಲಿ, ತೊಟ್ಟಿಲು, ಮಡಿಲು ಮೂರೂ ಇರುವಾಗ ಗಾಡಿಯ ಅವಸರವೇನೂ ಇಲ್ಲ. ಜೋಲಿಯನ್ನು ಕುರಿತು ಒಂದು ಮಾತನ್ನು ಮಾತ್ರ ಹೇಳಬೇಕು: ಬಟ್ಟೆಯು ಮುಖವನ್ನು ಮುಚ್ಚಬಾರದು, ಗದ್ದವು ಎದೆಗೆ ಒತ್ತಬಾರದು, ಮೇಲೆ ಒಬ್ಬರ ಕಣ್ಣಿರಬೇಕು.

ಇನ್ನು ದಾರಿಯ ವಿಚಾರ. ಶಿಡ್ಲಘಟ್ಟದಂತಹ ಹಳೆಯ ಪೇಟೆಯಲ್ಲಿ ಹೊಸ್ತಿಲು, ಜಗಲಿ, ಮೆಟ್ಟಿಲು ಇವನ್ನು ದಾಟಿದರೆ ಚರಂಡಿಯ ಮೇಲಣ ಚಪ್ಪಡಿ. ಅದನ್ನು ದಾಟಿದರೆ ಜಲ್ಲಿಯೆದ್ದ ರಸ್ತೆ, ಗೂಡಿನ ಚೀಲ ಹೇರಿದ ಆಟೋಗಳು. ಇಲ್ಲಿ ಚಕ್ರದ ಗಾತ್ರವೇ ಪ್ರಧಾನ. ಒಂದಂಗುಲ ಎತ್ತರದ ಕಲ್ಲು ಅಡ್ಡ ಬಂದಿತೆಂದು ಊಹಿಸೋಣ. ಐದಂಗುಲ ವ್ಯಾಸದ ಚಕ್ರವು ಅದನ್ನು ಹತ್ತಬೇಕಾದರೆ, ಚಕ್ರದ ಮೇಲೆ ಬಿದ್ದಿರುವ ಭಾರದ ಒಂದೂ ಮೂರನೆಯ ಒಂದರಷ್ಟು ಬಲದಿಂದ ನೇರವಾಗಿ ತಳ್ಳಬೇಕು. ಹತ್ತಂಗುಲದ ಚಕ್ರವಾದರೆ ಆ ಭಾರದ ಮುಕ್ಕಾಲು ಪಾಲು ಸಾಕು. ಇದು ಸನ್ನೆಯ ಲೆಕ್ಕ. ಪ್ರೌಢಶಾಲೆಯ ಹುಡುಗನೂ ಮಾಡಿ ತೋರಿಸಬಲ್ಲನು. ಎತ್ತಿನ ಗಾಡಿಗೆ ಅಷ್ಟು ದೊಡ್ಡ ಚಕ್ರವನ್ನು ಹೂಡಿದ ನಮ್ಮ ಬಡಗಿಗಳು ಸೂತ್ರ ಬರೆಯದೆಯೇ ಇದನ್ನು ಬಲ್ಲವರಾಗಿದ್ದರು. ಚಿಕ್ಕ ಚಕ್ರವು ಕಲ್ಲಿಗೆ ತಗುಲಿ ತಟ್ಟನೆ ನಿಂತಾಗ ಗಾಡಿಯ ಹಿಂಭಾಗವು ಮೇಲೇಳುತ್ತದೆ. ಮಗು ಮುಂದಕ್ಕೆ ಜಗ್ಗುತ್ತದೆ. ಮುಂದಿನ ಚಕ್ರಗಳು ಎಲ್ಲ ಕಡೆಗೂ ತಿರುಗುವಂತಿದ್ದರೆ ಚಪ್ಪಡಿಗಳ ಸಂದಿನಲ್ಲಿ ಅಡ್ಡವಾಗಿ ಸಿಕ್ಕಿಕೊಳ್ಳುವುದೂ ಉಂಟು. ಒರಟು ನೆಲದಲ್ಲಿ ಅವುಗಳನ್ನು ನೇರವಾಗಿ ಬಿಗಿಯುವ ಕೀಲಿದೆಯೇ ಎಂದು ನೋಡಬೇಕು. ಬೆಂಗಳೂರಿನ ಕಾಲುದಾರಿಗಳು ಇದಕ್ಕಿಂತ ಬಹಳ ಮೇಲೆಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಅಲ್ಲಿ ಉದ್ಯಾನವುಂಟು, ಮಹಡಿಮನೆಗಳಿಗೆ ಲಿಫ್ಟು ಉಂಟು, ವಸತಿಯ ಆವರಣದೊಳಗೆ ಸಮನಾದ ಹಾದಿಯುಂಟು.

ದೊಡ್ಡ ಚಕ್ರ, ಗಟ್ಟಿ ಚೌಕಟ್ಟು ಬೇಕೆಂದರೆ ತೂಕವೂ ಜೊತೆಗೆ ಬರುತ್ತದೆ. ಹಗುರ ಗಾಡಿಯು ಐದಾರು ಕಿಲೋಗ್ರಾಂ. ಪೂರ್ಣ ಸಜ್ಜಿನದು ಹತ್ತು ಹನ್ನೆರಡನ್ನು ಮುಟ್ಟುತ್ತದೆ. ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ತಾಯಿಗೆ ಮೊದಲ ಕೆಲವು ವಾರ ತನ್ನ ಮಗುವಿಗಿಂತ ಭಾರವಾದುದನ್ನು ಎತ್ತಬಾರದೆಂದು ವೈದ್ಯರು ಹೇಳುವರು. ಲಿಫ್ಟಿಲ್ಲದ ಎರಡನೆಯ ಮಹಡಿಯಲ್ಲಿ ವಾಸಿಸುವವರು ಈ ಮಾತನ್ನು ಮರೆಯಬಾರದು. ಅಂಗಡಿಯಲ್ಲಿ ಗಾಡಿಯನ್ನು ತಳ್ಳಿ ನೋಡುವುದಕ್ಕಿಂತ ಮಡಿಸಿ, ಒಂದು ಕೈಯಲ್ಲಿ ಎತ್ತಿಕೊಂಡು, ನಾಲ್ಕು ಮೆಟ್ಟಿಲು ಹತ್ತಿ ನೋಡುವುದು ಹೆಚ್ಚಿನ ಪರೀಕ್ಷೆ. ಮಾರುವವರು ನಕ್ಕರೆ ನಗಲಿ.

ಮಡಿಸುವ ಕೀಲುಗಳ ಬಗೆಗೆ ವಿಶೇಷ ಎಚ್ಚರವಿರಬೇಕು. ಬಿಡಿಸಿದ ಗಾಡಿಯು ತಾನಾಗಿ ಮುದುಡದಂತೆ ಎರಡು ಬೀಗಗಳಿರುವುದು ಲೇಸು. ೨೦೦೯ರ ನವೆಂಬರಿನಲ್ಲಿ ಅಮೆರಿಕದಲ್ಲಿ, ಆ ಮೆಕ್‌ಲಾರೆನ್ ಹೆಸರಿನ ಕಂಪೆನಿಯದೇ ಸುಮಾರು ಹತ್ತು ಲಕ್ಷ ಗಾಡಿಗಳ ಕೀಲುಗಳಿಗೆ ಹೊದಿಕೆಯನ್ನು ಒದಗಿಸಬೇಕಾಯಿತು; ಮಡಿಸುವಾಗಲೋ ಬಿಡಿಸುವಾಗಲೋ ಹನ್ನೆರಡು ಮಕ್ಕಳ ಬೆರಳ ತುದಿಗಳು ಕೀಲಿಗೆ ಸಿಕ್ಕಿ ತುಂಡಾಗಿದ್ದುವು. ಗಾಡಿಯನ್ನು ಮಡಿಸುವಾಗ ಮಗುವು ಮತ್ತೊಬ್ಬರ ಕೈಯಲ್ಲಿರಬೇಕು, ಇಲ್ಲವೇ ಕೈಗೆಟುಕದಷ್ಟು ದೂರದಲ್ಲಿರಬೇಕು.

ಭಾಗವತದಲ್ಲಿ ಕೂಸು ಕೃಷ್ಣನು ಮಗುಚಿಕೊಂಡ ದಿನದ ಸಂಭ್ರಮದಲ್ಲಿ ಯಶೋದೆಯು ಅವನನ್ನು ಗಾಡಿಯೊಂದರ ಕೆಳಗೆ ಮಲಗಿಸಿದಳೆಂದೂ, ಅವನು ಹಾಲಿಗಾಗಿ ಅಳುತ್ತ ಕಾಲೊದೆದು ಆ ಗಾಡಿಯನ್ನು ಉರುಳಿಸಿದನೆಂದೂ ಹೇಳಿದೆ. ನಮ್ಮ ಕಾಲದ ಗಾಡಿಗಳನ್ನು ಉರುಳಿಸುವುದಕ್ಕೆ ಅಷ್ಟು ಮಹಿಮೆ ಬೇಕಾಗಿಲ್ಲ. ಹಿಡಿಯ ಮೇಲೆ ತರಕಾರಿಯ ಚೀಲವನ್ನು ತೂಗುಹಾಕಿದರೆ ಸಾಕು. ಮಗುವನ್ನು ಎತ್ತಿಕೊಂಡ ಕ್ಷಣವೇ ಗಾಡಿ ಹಿಂದಕ್ಕೆ ಮಗುಚುತ್ತದೆ. ಹಗುರ ಗಾಡಿಯಾದರೆ ಮಗು ಕೂತಿರುವಾಗಲೇ ಮಗುಚೀತು. ಸಾಮಾನು ಇಡುವುದಾದರೆ ಕೆಳಗಿನ ಬುಟ್ಟಿಯಲ್ಲಿಡಬೇಕು. ಬಿಗಿಪಟ್ಟಿಯು ಹೆಗಲಿಗೆರಡು, ಸೊಂಟಕ್ಕೆರಡು, ಕಾಲಸಂದಿಗೊಂದು, ಹೀಗೆ ಐದು ಎಡೆಗಳಲ್ಲಿ ಹಿಡಿಯತಕ್ಕದ್ದು. ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿಯಿಂದ ಮಗು ಜಾರಿ ಇಳಿಯುವ ಸಂಭವವುಂಟು. ತಡೆಯನ್ನು ಪರೀಕ್ಷಿಸಲು ಹತ್ತು ಕಿಲೋ ಅಕ್ಕಿಯ ಚೀಲವನ್ನು ಗಾಡಿಯಲ್ಲಿರಿಸಿ ಇಳಿಜಾರಿನಲ್ಲಿ ನಿಲ್ಲಿಸಬೇಕು. ಒಂದೇ ತುಳಿತಕ್ಕೆ ಹಿಂದಿನ ಎರಡು ಚಕ್ರಗಳೂ ನಿಲ್ಲಬೇಕು. ಯೂರೋಪಿನ ಇ.ಎನ್. ೧೮೮೮ ಎಂಬ ಪ್ರಮಾಣದ ಗುರುತು ಗಾಡಿಯ ಮೇಲಿದ್ದರೆ ಇಂತಹ ಪರೀಕ್ಷೆಗಳನ್ನು ತಯಾರಕರು ಮಾಡಿಸಿದ್ದಾರೆಂದು ತಿಳಿಯಬಹುದು.

ಬಿಸಿಲು ಧೂಳುಗಳ ವಿಷಯದಲ್ಲಿ ಒಳ್ಳೆಯ ಮನಸ್ಸಿನಿಂದಲೇ ತಪ್ಪು ನಡೆಯುತ್ತದೆ. ಚೈತ್ರ ವೈಶಾಖದಲ್ಲಿ ಮಗುವಿಗೆ ಬಿಸಿಲು ತಾಗಬಾರದೆಂದು ಗಾಡಿಯ ಮೇಲೆ ತೆಳ್ಳನೆಯ ಬಟ್ಟೆಯನ್ನು ಹೊದಿಸುವವರನ್ನು ಕಾಣುತ್ತೇವೆ. ಒಣಬಟ್ಟೆಯು ಗಾಳಿಯನ್ನು ತಡೆದು ಒಳಗಿನ ಸೆಕೆಯನ್ನು ಎರಡು ಮೂರು ಡಿಗ್ರಿ ಏರಿಸುತ್ತದೆಂದು ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದವರು ೨೦೨೩ರಲ್ಲಿ ಅಳೆದು ತೋರಿಸಿದರು. ಒದ್ದೆಬಟ್ಟೆಯಾದರೆ ಒಳಗೆ ತಂಪಾಗುತ್ತದೆ. ಆದರೂ ಗಾಳಿಯಾಡುವ ಅಗಲವಾದ ಕೊಡೆಯೇ ಇವೆರಡಕ್ಕಿಂತ ನೆಚ್ಚತಕ್ಕದ್ದು. ಹೊಗೆಯ ಮಾತೂ ಹಾಗೆಯೇ. ವಾಹನಗಳ ಹೊಗೆಯು ನೆಲದಿಂದ ಮೂರಡಿಯೊಳಗೆ ಹೆಚ್ಚು ದಟ್ಟವಾಗಿರುತ್ತದೆ. ಗಾಡಿಯ ಕೂಸಿನ ಮೂಗು ಇರುವುದೂ ಅಲ್ಲಿಯೇ. ದೊಡ್ಡವರಿಗಿಂತ ಶೇಕಡ ೬೦ರವರೆಗೂ ಹೆಚ್ಚಾದ ಮಾಲಿನ್ಯಕ್ಕೆ ಮಗು ಒಳಗಾಗಬಹುದೆಂದು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೮ರಲ್ಲಿ ತಿಳಿಸಿದರು. ಎತ್ತರದ ಆಸನವುಳ್ಳ ಗಾಡಿಯಿಂದ ಸ್ವಲ್ಪ ಪ್ರಯೋಜನವುಂಟು. ಗೂಡು ಹರಾಜಾಗುವ ಹೊತ್ತಿನಲ್ಲಿ ಮಾರುಕಟ್ಟೆಯ ಬೀದಿಯನ್ನು ಬಿಟ್ಟು ಬೇರೆ ಬೀದಿಯಲ್ಲಿ ಹೋಗುವುದರಿಂದ ಹೆಚ್ಚು ಪ್ರಯೋಜನವುಂಟು. ಅಂತಹ ಸಂದಣಿಯಲ್ಲಿ ಕತ್ತು ನಿಂತ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ನಮ್ಮ ತಾಯಂದಿರ ಕ್ರಮವೇ ಮೇಲು. ತೊಡೆಗಳು ಅಗಲವಾಗಿ ಆಧಾರ ಪಡೆಯುವ ಆ ಭಂಗಿಯು ಸೊಂಟದ ಕೀಲಿಗೂ ಒಳ್ಳೆಯದು.

ಗಾಡಿಯನ್ನು ಕೊಳ್ಳಹೋದವರಿಗೆ ಅಂಗಡಿಯವರು ವಾಕರ್ ಎಂಬ, ಮಗುವನ್ನು ನಡುವೆ ಕೂರಿಸಿ ಸುತ್ತ ಚಕ್ರವಿಟ್ಟ ಸಾಧನವನ್ನೂ ತೋರಿಸುವರು. ಅದನ್ನು ಕೊಳ್ಳಬೇಡಿರೆಂದು ನೇರವಾಗಿಯೇ ಹೇಳುತ್ತೇವೆ. ಮೆಟ್ಟಿಲುಗಳಿಂದ ಉರುಳಿದ ಮಕ್ಕಳ ಸಂಖ್ಯೆಯನ್ನು ಕಂಡು ಕೆನಡ ದೇಶವು ೨೦೦೪ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಿಂತ ಮಗುವು ತಾನೇ ತಳ್ಳಿಕೊಂಡು ಹೆಜ್ಜೆಯಿಡುವ ನಮ್ಮ ಮರದ ಮೂರು ಗಾಲಿಯ ಗಾಡಿಯು ಬೇರೆ. ಅದರಲ್ಲಿ ಮಗುವಿನ ಕಾಲಿಗಿಂತ ವೇಗವಾಗಿ ಮಗು ಹೋಗಲಾರದು.

ಬಂಧುಗಳಿಂದ ಬಂದ ಹಳೆಯ ಗಾಡಿಯನ್ನು ಉಪಯೋಗಿಸಲು ಸಂಕೋಚಪಡಬೇಕಾಗಿಲ್ಲ. ಬೀಗ, ತಡೆ, ಪಟ್ಟಿ, ಚಕ್ರದ ಅಚ್ಚು ಇವು ಸರಿಯಾಗಿದ್ದರೆ ಬಟ್ಟೆಯನ್ನು ಒಗೆದುಕೊಳ್ಳಬಹುದು. ಮಗುವು ಗಾಡಿಯನ್ನು ನೆಚ್ಚುವುದು ಎರಡು ಮೂರು ವರ್ಷ ಮಾತ್ರ. ಒಳ್ಳೆಯ ಗಾಡಿಯು ಇಬ್ಬರು ಮೂವರು ಮಕ್ಕಳನ್ನು ಹೊರಬಲ್ಲದು.

ಶಿಡ್ಲಘಟ್ಟದ ಆ ಗಾಡಿಯು ಮಗುವಿನ ಐದನೆಯ ತಿಂಗಳಲ್ಲಿ ತಾಯಿಯೊಡನೆ ಬೆಂಗಳೂರಿಗೆ ಹೋಯಿತು. ಬೆನ್ನು ಮಟ್ಟಸವಾಗುವಂತಹುದಾದುದರಿಂದ ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂದಿದೆಯೆಂದು ಕೇಳಿದ್ದೇವೆ. ಅಜ್ಜಿಯು ಒಗೆದ ಬಟ್ಟೆಗೆ ಬಿದಿರಿನ ಬುಟ್ಟಿಯೊಂದನ್ನು ಕೊಂಡಿದ್ದಾರೆ.