ಸುಕ್ಕರಿಯ ಸಿಹಿ, ಮೀಟರಿನ ಲೆಕ್ಕ

ಗಲ್ಫ್‌ನಿಂದ ಯಾರಾದರೂ ಊರಿಗೆ ಬಂದರೆ ಸಾಕು, ಓದುಗರಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ಅವರು ತಂದ ಖರ್ಜೂರವನ್ನು ಸಕ್ಕರೆ ಕಾಯಿಲೆಯವರು ತಿನ್ನಬಹುದೇ? ಈ ಸಲ ಪ್ರಶ್ನೆಯ ಜೊತೆ ಊರಿನ ಹೆಸರೂ ಇತ್ತು, ಉನೈಜಾ. ಸೌದಿ ಅರೇಬಿಯಾದ ಕಸೀಮ್ ಪ್ರಾಂತ್ಯದ ಈ ಊರು ಮತ್ತು ನೆರೆಯ ಬುರೈದಾ, ಸುಕ್ಕರಿ ಎಂಬ ಹೊಂಬಣ್ಣದ ಮೆದು ಖರ್ಜೂರಕ್ಕೆ ಹೆಸರುವಾಸಿ. ‘ಇದು ಸಕ್ಕರೆ ಏರಿಸುವುದಿಲ್ಲ’ ಎಂಬ ಮಾತೂ ಡಬ್ಬಿಯ ಜೊತೆಗೇ ಬಂದಿರುತ್ತದೆ.

ಮಾತು ಪೂರ್ತಿ ಗಾಳಿಸುದ್ದಿಯಲ್ಲ. ಕಸೀಮ್ ವಿಶ್ವವಿದ್ಯಾಲಯದ ಸಂಶೋಧಕರು 17 ತಳಿಯ ಸೌದಿ ಖರ್ಜೂರಗಳನ್ನು ಆರೋಗ್ಯವಂತರಿಗೆ ತಿನ್ನಿಸಿ, ರಕ್ತದ ಗ್ಲೂಕೋಸ್ ಅಳೆದು, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಶುದ್ಧ ಗ್ಲೂಕೋಸ್‌ಗೆ 100 ಅಂಕವಾದರೆ ಸುಲ್ಲಜ್ ತಳಿಗೆ ಸುಮಾರು 75, ಅಜ್ವಾಗೆ 56. ಸಿಹಿಗೇ ಹೆಸರಾದ ಸುಕ್ಕರಿಗೆ ಬರೀ 43! 55ರ ಒಳಗಿದ್ದರೆ ‘ಕಡಿಮೆ’ ಎಂಬುದು ರೂಢಿ.

ಈ ಅಂಕದ ಹೆಸರು ಗ್ಲೈಸೆಮಿಕ್ ಸೂಚ್ಯಂಕ. ಅದು ಹುಟ್ಟಿದ ಕತೆ ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕೆಂಬುದೂ ಗೊತ್ತಾಗುತ್ತದೆ. ಸಕ್ಕರೆ ಬೇಗ ರಕ್ತಕ್ಕಿಳಿಯುತ್ತದೆ, ಪಿಷ್ಟ ನಿಧಾನ ಎಂದು ವೈದ್ಯರು ಬಹುಕಾಲ ನಂಬಿದ್ದರು. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ನಂಬಿಕೆಯನ್ನು ಬದಿಗಿಟ್ಟು, ಖಾಲಿ ಹೊಟ್ಟೆಯ ಐದರಿಂದ ಹತ್ತು ಜನರಿಗೆ ಒಂದೊಂದೇ ಆಹಾರ ಕೊಟ್ಟು ಅಳೆದರು. 1981ರಲ್ಲಿ 62 ಆಹಾರಗಳ ಪಟ್ಟಿ ಹೊರಬಂತು. ಅದರಲ್ಲಿ ಐಸ್‌ಕ್ರೀಮ್‌ಗೆ 36, ಪಾಪದ ಕ್ಯಾರೆಟ್‌ಗೆ 92! ಮುಂದಿನ ಪರೀಕ್ಷೆಗಳಲ್ಲಿ ಕ್ಯಾರೆಟ್‌ನ ಅಂಕ ಬಹಳ ಕೆಳಗಿಳಿಯಿತು. ಆದರೂ ಎಷ್ಟೋ ಮಂದಿ ರೋಗಿಗಳು ಅದನ್ನು ವರ್ಷಗಟ್ಟಲೆ ದೂರವಿಟ್ಟರು. ಬೆರಳೆಣಿಕೆಯ ಜನರ ಮೇಲೆ ತೆಗೆದ ಸರಾಸರಿಯ ಪಾಡು ಇದು. ಕಸೀಮ್‌ನ ಅಂಕಗಳಿಗೂ ಐದರಿಂದ ಹತ್ತು ಅಂಕದ ಓಲಾಟವಿದೆ, ಹಾಗಾಗಿ 43 ಮತ್ತು 45ರ ತಳಿಗಳ ನಡುವೆ ಮೇಲುಕೀಳು ಹುಡುಕುವುದರಲ್ಲಿ ಅರ್ಥವಿಲ್ಲ.

ಅಷ್ಟು ಸಿಹಿ ಹಣ್ಣಿಗೆ ಇಷ್ಟು ಕಡಿಮೆ ಅಂಕ ಯಾಕೆ? ಖರ್ಜೂರದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ಫ್ರಕ್ಟೋಸ್. ಅದು ನೇರ ಲಿವರ್‌ಗೆ ಹೋಗುತ್ತದೆ, ಗ್ಲೂಕೋಸ್ ಮೀಟರಿನ ಕಣ್ಣಿಗೆ ಬೀಳುವುದಿಲ್ಲ. ಉಳಿದರ್ಧವನ್ನು ನಾರು ಮತ್ತು ತಿರುಳು ಸ್ವಲ್ಪ ತಡೆದು ಬಿಡುತ್ತವೆ.

ಡಬ್ಬಿ ಮಾರುವವರು ಹೇಳದ ಸಂಗತಿ ಇನ್ನೊಂದಿದೆ. ಕೆರೆಯ ತೂಬನ್ನು ನೆನೆಯಿರಿ. ಸೂಚ್ಯಂಕ ಹೇಳುವುದು ತೂಬು ಎಷ್ಟು ತೆರೆದಿದೆ ಎಂಬುದನ್ನು ಮಾತ್ರ. ಕೆರೆಯಲ್ಲಿ ಎಷ್ಟು ನೀರಿದೆ ಎಂಬ ಲೆಕ್ಕ ಅದರಲ್ಲಿಲ್ಲ. ತೂಬು ಚಿಕ್ಕದಿದ್ದರೂ ಕೋಡಿ ಬೀಳುವಷ್ಟು ತುಂಬಿದ ಕೆರೆಯಿಂದ ರಾತ್ರಿಯಿಡೀ ಹರಿದರೆ ಗದ್ದೆ ಮುಳುಗುತ್ತದೆ. ಖರ್ಜೂರವೂ ಅಂಥ ತುಂಬಿದ ಕೆರೆಯೇ: ಮೆಜೂಲ್ ಎಂಬ ತಳಿಯ 100 ಗ್ರಾಂ ಹಣ್ಣಿನಲ್ಲಿ 66 ಗ್ರಾಂ ಸಕ್ಕರೆಯೇ. 24 ಗ್ರಾಂ ತೂಗುವ ಒಂದೇ ಹಣ್ಣಿನಲ್ಲಿ ಹತ್ತಿರಹತ್ತಿರ ನಾಲ್ಕು ಟೀ ಚಮಚ. ಪರೀಕ್ಷೆಯಲ್ಲಿ ತಿನ್ನಿಸುವುದು 50 ಗ್ರಾಂ ಕಾರ್ಬೋಹೈಡ್ರೇಟ್‌ಗೆ ಸಮನಾದಷ್ಟು, ಅಂದರೆ ಮೆಜೂಲ್ ಆದರೆ ಮೂರು ಹಣ್ಣು. ಹರಟುತ್ತಾ ಕೂತು ಹತ್ತು ತಿನ್ನುವವರಿಗೆ ಆ ಅಂಕ ಅನ್ವಯಿಸುವುದಿಲ್ಲ.

ಹಾಗೆಂದು ಹೆದರಿ ಬಿಡಬೇಕಾಗಿಯೂ ಇಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಐದು ತಳಿಗಳನ್ನು ಟೈಪ್ 2 ಮಧುಮೇಹಿಗಳಿಗೇ ತಿನ್ನಿಸಿ ನೋಡಿದ 2011ರ ಅಧ್ಯಯನದಲ್ಲಿ ಅಂಕಗಳು 43ರಿಂದ 53ರೊಳಗೇ ಇದ್ದವು. ಸಕ್ಕರೆ ಹತೋಟಿಯಲ್ಲಿರುವವರು ಒಂದೆರಡು ಹಣ್ಣು ತಿನ್ನಬಹುದು, ಆದರೆ ಊಟದ ಮೇಲೆ ಮತ್ತೊಂದು ಸಿಹಿಯಾಗಿ ಅಲ್ಲ, ಬೇರೇನನ್ನೋ ಬಿಟ್ಟು ಅದರ ಬದಲಿಗೆ. ತಿಂದು ಎರಡು ಗಂಟೆಯ ಮೇಲೆ ಮನೆಯಲ್ಲೇ ಮೀಟರ್ ಹಿಡಿದು ನೋಡಿದರೆ ನಿಮ್ಮ ಮೈಯ ಲೆಕ್ಕ ನಿಮಗೇ ಸಿಗುತ್ತದೆ.

ನಮ್ಮಲ್ಲಿ ಖರ್ಜೂರದ ದೊಡ್ಡ ಖ್ಯಾತಿ ಬೇರೆಯೇ: ರಕ್ತ ಕಡಿಮೆಯಾದರೆ ಖರ್ಜೂರ ತಿನ್ನಿ ಎನ್ನುತ್ತಾರೆ. ಬಾಣಂತಿಯ ಅಂಟಿನುಂಡೆಗೆ ಉತ್ತತ್ತಿ ಬೀಳುವುದು ರುಚಿಗೆ, ಶಕ್ತಿಗೆ ಸರಿ. ಕಬ್ಬಿಣಕ್ಕಾದರೆ ಲೆಕ್ಕ ಕೂಡುವುದಿಲ್ಲ. 100 ಗ್ರಾಂ ಮೆಜೂಲ್‌ನಲ್ಲಿ ಕಬ್ಬಿಣ 0.9 ಮಿಲಿಗ್ರಾಂ, ಗರ್ಭಿಣಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ್ದು ದಿನಕ್ಕೆ 27 ಮಿಲಿಗ್ರಾಂ. ಖರ್ಜೂರವೊಂದನ್ನೇ ನಂಬಿದರೆ ದಿನಕ್ಕೆ ಮೂರು ಕಿಲೋ ತಿನ್ನಬೇಕು! ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಇದರ ಭರವಸೆಯಲ್ಲಿ ಬಿಡಬೇಡಿ. ಖರ್ಜೂರದಲ್ಲಿ ನಿಜಕ್ಕೂ ಹೇರಳವಾಗಿರುವುದು ನಾರು, 100 ಗ್ರಾಂಗೆ ಸುಮಾರು 7 ಗ್ರಾಂ, ಮತ್ತು ಪೊಟ್ಯಾಸಿಯಂ, ಸುಮಾರು 700 ಮಿಲಿಗ್ರಾಂ. ಮೂತ್ರಪಿಂಡ ಸೋತವರಿಗೆ ಈ ಪೊಟ್ಯಾಸಿಯಮ್ಮೇ ಅಪಾಯ. ಅವರು ವೈದ್ಯರನ್ನು ಕೇಳದೆ ಡಬ್ಬಿ ಮುಟ್ಟದಿರುವುದು ಒಳ್ಳೆಯದು.

ಇನ್ನು ಶುಚಿಯ ಮಾತು. ಒಣಗಿದ ಹಣ್ಣಿನ ಗಾಢ ಸಕ್ಕರೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಕೈಯಿಂದ ಅಂಟಿದ ವೈರಸ್‌ಗೆ ಬೆಳೆಯುವ ಅಗತ್ಯವೇ ಇಲ್ಲ. 2021ರಲ್ಲಿ ಇಂಗ್ಲೆಂಡಿನಲ್ಲಿ ಹರಡಿದ ಹೆಪಟೈಟಿಸ್ ಎ ಸೋಂಕಿನ ಜಾಡು ಆಮದಾದ ಮೆಜೂಲ್ ಖರ್ಜೂರಕ್ಕೆ ಮುಟ್ಟಿತು. ಬೇಯಿಸದೆ ತಿನ್ನುವ ಹಣ್ಣಾದ್ದರಿಂದ ತಿನ್ನುವ ಮುಂಚೆ ತೊಳೆಯಿರಿ. ತೊಳೆದರೆ ಕೊಳೆ ಹೋಗುತ್ತದೆ, ವೈರಸ್ ಪೂರ್ತಿ ಹೋದೀತೆಂಬ ಖಾತರಿಯಿಲ್ಲ. ಬಿಡಿಸಿ ಒಳಗೆ ನೋಡಿ, ಹುಳು ಇದ್ದರೆ ಅಲ್ಲೇ ಇರುತ್ತದೆ. ಹುಳಿ ವಾಸನೆ ಬಂದರೆ ಯೀಸ್ಟ್ ಕೆಲಸ ಶುರುವಾಗಿದೆ ಎಂದರ್ಥ, ಎಸೆಯಿರಿ. ಮೆದುವಾದ ಸುಕ್ಕರಿಯಲ್ಲಿ ತೇವ ಹೆಚ್ಚು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದನ್ನು ಹೊರಗಿಡದೆ ಫ್ರೀಜರ್‌ಗೆ ಹಾಕಿ, ಬೇಕಾದಷ್ಟೇ ತೆಗೆದುಕೊಳ್ಳಿ.